ಆಯ್ದಕ್ಕಿಯ ಅರ್ಪಣ: ಮಹಾಶರಣೆ ಲಕ್ಕಮ್ಮನವರ ಚರಿತ್ರೆ

ಉಣ್ಣುವ ಮುನ್ನ ಉಣಿಸುವಾತನನ್ನು ನೆನೆಯಬೇಕೆಂಬುದು ನಮ್ಮ ಹಿರಿಯರು ಮಕ್ಕಳಿಗೆ ಮೊದಲು ಕಲಿಸುತ್ತಿದ್ದ ಪಾಠ. ಹಸಿದವನ ಮುಂದೆ ಅನ್ನ ಬಂದಾಗ ಕೈ ತಾನಾಗಿಯೇ ಎಲೆಯ ಕಡೆಗೆ ಚಾಚುತ್ತದೆ. ಆ ಕೈಯನ್ನು ಒಂದು ಗಳಿಗೆ ತಡೆದು ನಿಲ್ಲಿಸಿ ಶಿವನ ಕಡೆಗೆ ತಿರುಗಿಸುವುದೇ ಸಂಸ್ಕಾರ. ವೀರಶೈವ ಧರ್ಮದಲ್ಲಿ ಈ ನೆನಹು ಬರಿಯ ಕೃತಜ್ಞತೆಯಲ್ಲ, ಅದು ಅರ್ಪಣ. ಅಡಿಗೆಯ ಮನೆಯಿಂದ ಎಲೆಗೆ ಬಂದ ಅನ್ನ ಅರ್ಪಿತವಾಗುವವರೆಗೆ ಕೇವಲ ಪದಾರ್ಥವಷ್ಟೆ. ಲಿಂಗಕ್ಕೆ ಅರ್ಪಿತವಾದ ಬಳಿಕ ಅದೇ ಅನ್ನ ಪ್ರಸಾದವೆನಿಸುತ್ತದೆ. ಆದುದರಿಂದಲೇ ನಮ್ಮ ಮಠಗಳ ದಾಸೋಹದಲ್ಲಿ ಸಾವಿರ ಜನ ಪಂಕ್ತಿಗೆ ಕುಳಿತರೂ ಬಡಿಸುವುದು ಮುಗಿಯುವ ತನಕ ಯಾರೂ ತುತ್ತೆತ್ತುವುದಿಲ್ಲ. ಒಕ್ಕೊರಲಿನಿಂದ ವಚನವನ್ನು ಹೇಳಿ, ಮಂತ್ರವನ್ನು ಸ್ಮರಿಸಿ, ಶಿವನಿಗೆ ಜಯಕಾರವೆತ್ತಿದ ಮೇಲೆಯೇ ಪ್ರಸಾದ ಸ್ವೀಕಾರ.

ಈ ಸಂಪ್ರದಾಯ ಅತ್ಯಂತ ಸುಂದರವಾದುದು. ಆದರೆ ಇಲ್ಲಿ ಒಂದು ಪ್ರಶ್ನೆ ವಿಚಾರವಂತರಾದ ಭಕ್ತರ ಮನಸ್ಸಿನಲ್ಲಿ ಏಳದೆ ಇರಲಾರದು. ನಾಲಗೆ ನಾಲ್ಕು ನುಡಿಗಳನ್ನು ಹೇಳಿದ ಮಾತ್ರಕ್ಕೆ ಪದಾರ್ಥ ಪ್ರಸಾದವಾಗುವುದೇ? ಅನ್ಯಾಯದಿಂದ ತಂದ ಧಾನ್ಯವೂ, ಆಶೆಯಿಂದ ಕೂಡಿಹಾಕಿದ ಧಾನ್ಯವೂ ಎಲೆಯ ಮುಂದಿನ ಮಂತ್ರದಿಂದ ಶುದ್ಧವಾಗಿಬಿಡುವುದೇ? ಈ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರವಿಲ್ಲವೆಂದಲ್ಲ. ಆದರೆ ಗ್ರಂಥಗಳ ಉತ್ತರಕ್ಕಿಂತ ಸ್ಪಷ್ಟವಾದ ಉತ್ತರವನ್ನು ತಮ್ಮ ಬಾಳಿನಿಂದಲೇ ಕೊಟ್ಟುಹೋದ ತಾಯಿಯೊಬ್ಬರು 12ನೆಯ ಶತಮಾನದ ಕಲ್ಯಾಣದಲ್ಲಿದ್ದರು. ಅವರೇ ಆಯ್ದಕ್ಕಿ ಮಾರಯ್ಯನವರ ಧರ್ಮಪತ್ನಿ ಲಕ್ಕಮ್ಮನವರು.

ಈಗಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನಲ್ಲಿ ಅಮರೇಶ್ವರವೆಂಬ ಪುಣ್ಯಕ್ಷೇತ್ರವಿದೆ. ಮಾರಯ್ಯ ಲಕ್ಕಮ್ಮ ದಂಪತಿಗಳು ಆ ನಾಡಿನವರು. ತಮ್ಮೂರ ದೈವವಾದ ಅಮರೇಶ್ವರಲಿಂಗನನ್ನು ಅವರು ಬಾಳಿನುದ್ದಕ್ಕೂ ಮರೆಯಲಿಲ್ಲ. ಮಾರಯ್ಯನವರ ವಚನಗಳಿಗೆ ಅಮರೇಶ್ವರಲಿಂಗವೆಂಬುದೇ ಅಂಕಿತ. ಲಕ್ಕಮ್ಮನವರು ಆ ಅಂಕಿತದ ಮುಂದೆ ಮಾರಯ್ಯಪ್ರಿಯ ಎಂಬ ಮಾತನ್ನು ಸೇರಿಸಿಕೊಂಡರು. ಪತಿಯ ಹೆಸರನ್ನೂ ಪರಶಿವನ ಹೆಸರನ್ನೂ ಒಂದೇ ದಾರದಲ್ಲಿ ಪೋಣಿಸಿದ ಆ ಅಂಕಿತವೊಂದೇ ಆ ಮನೆತನದ ಹದವನ್ನು ತಿಳಿಸುವುದಕ್ಕೆ ಸಾಕು. ಸಿರಿತನವೆಂಬುದು ಆ ಮನೆಯ ಹೊಸ್ತಿಲನ್ನು ತುಳಿದುದಿಲ್ಲ. ಭಕ್ತಿಯೊಂದೇ ಅವರ ಆಸ್ತಿಯಾಗಿದ್ದಿತು.

ಆ ಕಾಲಕ್ಕೆ ಕಲ್ಯಾಣವು ಕಳಚುರಿ ವಂಶದ ಬಿಜ್ಜಳ ಮಹಾರಾಜನ ರಾಜಧಾನಿ. ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆಂದು ಪ್ರಸಿದ್ಧವಾಗಿರುವ ಆ ನಗರದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಅಧಿಕಾರ ವಹಿಸಿದ್ದರು. ಅವರ ಮನೆ ಬರಿಯ ಅಧಿಕಾರಿಯ ಮನೆಯಾಗಿರಲಿಲ್ಲ. ನಾನಾ ದೇಶಗಳಿಂದ ಬಂದ ಶರಣರಿಗೆ ಆಶ್ರಯವಾಗಿ, ಹಸಿದು ಬಂದವರಿಗೆ ತವರಾಗಿ, ಮಹಾಮನೆಯೆಂಬ ಹೆಸರನ್ನು ಪಡೆದಿದ್ದಿತು. ಅಲ್ಲಿ ದಿನಂಪ್ರತಿ 1,96,000 ಜಂಗಮರಿಗೆ ದಾಸೋಹ ನಡೆಯುತ್ತಿದ್ದಿತೆಂದು ಪರಂಪರೆ ಹೇಳುತ್ತದೆ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ ಮುಂತಾದ ಶರಣರು ತಮ್ಮ ತಮ್ಮ ಕಾಯಕಗಳಿಂದಲೇ ಹೆಸರಾಗಿ ಆ ನಗರವನ್ನು ಬೆಳಗುತ್ತಿದ್ದರು. ಈ ಕೀರ್ತಿಯನ್ನು ಕೇಳಿದ ಮಾರಯ್ಯ ದಂಪತಿಗಳು ಅಮರೇಶ್ವರವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ನೆಲೆಸಿದರು.

ಕಲ್ಯಾಣದ ನಿಯಮ ಒಂದೇ. ಅಲ್ಲಿ ಯಾರೂ ಕಾಯಕವಿಲ್ಲದೆ ಉಣ್ಣುವಂತಿರಲಿಲ್ಲ. ಮಹಾಮನೆಯ ಪಂಕ್ತಿಯಲ್ಲಿ ಕುಳಿತು ದಿನವೂ ಉಂಡು ಏಳುವುದು ಮಾರಯ್ಯನವರಿಗೆ ಕಷ್ಟವಾಗಿರಲಿಲ್ಲ. ಬಸವಣ್ಣನವರು ಬೇಡವೆನ್ನುವವರೂ ಅಲ್ಲ. ಆದರೆ ಆ ದಂಪತಿಗಳು ಉಣ್ಣುವುದಕ್ಕೆ ಬಂದವರಲ್ಲ, ಉಣಿಸುವುದಕ್ಕೆ ಬಂದವರು. ಮಾಡಲು ಹೊಲವಿಲ್ಲ, ಹೂಡಲು ಎತ್ತಿಲ್ಲ, ಮಾರಲು ಸರಕಿಲ್ಲ. ಆಗ ಅವರ ಕಣ್ಣಿಗೆ ಬಿದ್ದುದು ಯಾರ ಕಣ್ಣಿಗೂ ಬೀಳದ ಒಂದು ವಸ್ತು. ಅಷ್ಟು ದೊಡ್ಡ ದಾಸೋಹಕ್ಕೆ ಅಕ್ಕಿಯನ್ನು ತರುವಾಗ, ಅಳೆಯುವಾಗ, ಕೇರುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುವುದು ಸಹಜ. ಜನರ ಕಾಲ್ತುಳಿತಕ್ಕೆ ಸಿಕ್ಕು ಮಣ್ಣುಪಾಲಾಗುವ ಆ ಕಾಳುಗಳನ್ನು ಮಾರಯ್ಯನವರು ಒಂದೊಂದಾಗಿ ಆಯ್ದು ತರತೊಡಗಿದರು. ಅದರಿಂದಲೇ ಅವರಿಗೆ ಆಯ್ದಕ್ಕಿ ಮಾರಯ್ಯನೆಂಬ ಹೆಸರು ಬಂದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅದೇ ಶರಣ ಸಮೂಹದ ಸತ್ಯಕ್ಕನೆಂಬ ತಾಯಿ ಹಾದಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟಿ ಎತ್ತುವುದಿಲ್ಲವೆಂಬ ವ್ರತವನ್ನು ತಮ್ಮ ವಚನದಲ್ಲಿ ಸಾರಿದ್ದಾರೆ. ಹಾಗಾದರೆ ಬಿದ್ದ ಅಕ್ಕಿಯನ್ನು ಎತ್ತುವುದು ತರವೇ ಎಂದು ಯಾರಾದರೂ ಕೇಳಬಹುದು. ಬಿದ್ದ ಹೊನ್ನಿಗೆ ಅದನ್ನು ಹುಡುಕಿಕೊಂಡು ಬರುವ ಒಡೆಯನಿದ್ದಾನೆ. ಚೆಲ್ಲಿದ ಕಾಳಿಗೆ ಅಂಥ ಒಡೆಯನಿಲ್ಲ. ಎತ್ತದಿದ್ದರೆ ಅದು ನಷ್ಟವಾಗುತ್ತದೆ; ಎತ್ತಿದರೆ ಹಸಿದವನ ಹೊಟ್ಟೆಯನ್ನು ಸೇರುತ್ತದೆ. ಒಂದು ಅಗುಳನ್ನೂ ಹಾಳುಗೆಡವಬಾರದೆಂಬುದು ಪ್ರಸಾದಧರ್ಮದ ಮೊದಲ ನಿಯಮ. ಆ ನಿಯಮವನ್ನೇ ಮಾರಯ್ಯನವರು ತಮ್ಮ ಕಾಯಕವನ್ನಾಗಿ ಮಾಡಿಕೊಂಡರು. ಆದರೆ ಈ ಕಾಯಕಕ್ಕೆ ಒಂದು ಗಡಿಯಿದ್ದಿತು. ಅಂದಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಮಾತ್ರ ಆಯಬೇಕು. ಅದನ್ನು ಮೀರಿದ ಒಂದು ಹಿಡಿಯೂ ಕಾಯಕವಲ್ಲ, ಆಶೆ. ಈ ಗಡಿಯನ್ನು ಕಾದವರು ಲಕ್ಕಮ್ಮನವರು.

ಆ ಗುಡಿಸಲಿನ ದಿನಚರಿಯನ್ನು ಮನಸ್ಸಿಗೆ ತಂದುಕೊಂಡರೆ ಗೃಹಿಣಿಯರಾದವರಿಗೆ ಲಕ್ಕಮ್ಮನವರ ಪರಿಶ್ರಮ ಅರ್ಥವಾದೀತು. ನೆಲದಿಂದ ಆಯ್ದ ಅಕ್ಕಿಯೆಂದರೆ ಅಂಗಡಿಯಿಂದ ತಂದ ಅಕ್ಕಿಯಲ್ಲ. ಅದರಲ್ಲಿ ಮಣ್ಣಿದೆ, ಮರಳಿದೆ, ಕಲ್ಲಿದೆ, ಕಸವಿದೆ. ಅದನ್ನು ಮೊರದಲ್ಲಿ ಕೇರಿ, ಕಲ್ಲನ್ನು ಆರಿಸಿ, ನಾಲ್ಕಾರು ನೀರಿನಲ್ಲಿ ತೊಳೆದು, ಒಲೆಯ ಮೇಲಿಟ್ಟು, ಅನ್ನವನ್ನೋ ಅಂಬಲಿಯನ್ನೋ ಮಾಡಬೇಕು. ಬಂದ ಜಂಗಮರ ಪಾದಗಳನ್ನು ತೊಳೆದು, ಅವರನ್ನು ಗದ್ದುಗೆಯಲ್ಲಿ ಕುಳ್ಳಿರಿಸಿ ಬಡಿಸಬೇಕು. ಅವರು ಸಂತೃಪ್ತರಾದ ಬಳಿಕ ಉಳಿದುದನ್ನು ಎಡಗೈಯ ಲಿಂಗಕ್ಕೆ ತೋರಿ, ಅರ್ಪಿಸಿ, ಸತಿಪತಿಗಳು ಪ್ರಸಾದವೆಂದು ಕೊಳ್ಳಬೇಕು. ಮರುದಿನಕ್ಕೆ ಮಡಕೆಯಲ್ಲಿ ಏನೂ ಉಳಿಯುವುದಿಲ್ಲ. ಉಳಿಸಬೇಕೆಂಬ ಇಚ್ಛೆಯೂ ಇಲ್ಲ. ನಾಳೆಯ ಅಕ್ಕಿ ನಾಳೆಯ ಕಾಯಕದಲ್ಲಿದೆಯೆಂಬ ನಂಬಿಕೆಯೇ ಅವರ ಕಣಜವಾಗಿದ್ದಿತು.

ಹೀಗಿರುವಲ್ಲಿ ಮಾರಯ್ಯನವರಿಗೆ ಅಲ್ಲಮಪ್ರಭುದೇವರ ಸಂಗದಲ್ಲಿ ಅನುಭಾವದ ರುಚಿ ಹತ್ತಿತು. ಪ್ರಭುದೇವರ ನುಡಿಗಳನ್ನು ಕೇಳುತ್ತ ಕುಳಿತ ಅವರಿಗೆ ಒಂದು ದಿನ ಹೊತ್ತು ಏರಿದುದೂ ತಿಳಿಯಲಿಲ್ಲ. ಶಿವಾನುಭವದ ಆನಂದದಲ್ಲಿ ಮೈಮರೆತವರಿಗೆ ಕಾಯಕ ನೆನಪಾಗುವುದೆಂತು? ಇತ್ತ ಮನೆಯಲ್ಲಿ ಒಲೆ ತಣ್ಣಗಿದ್ದಿತು. ಜಂಗಮರು ಬರುವ ಹೊತ್ತಾಗಿದ್ದಿತು. ಲಕ್ಕಮ್ಮನವರು ಪತಿಗೆ ಕಾಯಕ ನಿಂತುಹೋಗಿರುವುದನ್ನು ನೆನಪಿಸಿ, ಕೂಡಲೇ ಎದ್ದು ಹೋಗಬೇಕೆಂದು ಎಚ್ಚರಿಸಿದರು. ಅನುಭಾವದ ಗೋಷ್ಠಿಯಿಂದ ಗಂಡನನ್ನು ಎಬ್ಬಿಸಿ ಅಂಗಳದ ಅಕ್ಕಿ ಆಯಲು ಕಳಿಸಿದ ಹೆಂಡತಿಯನ್ನು ಲೋಕ ಸಂಸಾರಲಂಪಟಳೆಂದು ಹಳಿಯಬಹುದು. ಆದರೆ ಮಾರಯ್ಯನವರು ಹಾಗೆ ತಿಳಿಯಲಿಲ್ಲ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಬದಿಗಿರಿಸಬೇಕಾಗಿ ಬಂದರೂ ತಪ್ಪಿಲ್ಲವೆಂಬ ಮಹಾತತ್ತ್ವವನ್ನು ತಮ್ಮ ವಚನದಲ್ಲಿ ಹೇಳಿದವರು ಇದೇ ಮಾರಯ್ಯನವರು. ಕಾಯಕವನ್ನು ಕೈಲಾಸಕ್ಕೆ ಸರಿಯಾಗಿ ಕಂಡ ಆ ದೃಷ್ಟಿಗೆ ಆ ಮನೆಯ ಒಲೆಯೇ ಪಾಠಶಾಲೆಯಾಯಿತೆಂದರೆ ತಪ್ಪಾಗದು.

ಪತ್ನಿಯ ಮಾತನ್ನು ಶಿರಸಾವಹಿಸಿ ಮಾರಯ್ಯನವರು ಮಹಾಮನೆಯ ಅಂಗಳಕ್ಕೆ ಧಾವಿಸಿದರು. ಅಂದು ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿದ್ದಿತು. ಈ ದಂಪತಿಗಳ ನಿಷ್ಠೆಯನ್ನು ಲೋಕಕ್ಕೆ ಪ್ರಕಟಿಸಬೇಕೆಂದು ಬಸವಣ್ಣನವರೇ ಬೇಕೆಂದು ಕಾಳು ಚೆಲ್ಲಿಸಿದ್ದರೆಂದು ಕಥೆ ಹೇಳುವವರುಂಟು. ಕಾರಣವೇನೇ ಇರಲಿ, ಹೊತ್ತು ಮೀರಿದ ಆತುರದಲ್ಲಿ ಮಾರಯ್ಯನವರು ಲೆಕ್ಕ ನೋಡಲಿಲ್ಲ. ಕೈ ತುಂಬಿತು, ಮಡಿಲು ತುಂಬಿತು. ದಿನದ ಅಳತೆಗಿಂತ ಹೆಚ್ಚಾದ ಅಕ್ಕಿಯನ್ನು ಹೊತ್ತು ಅವರು ಮನೆಗೆ ಮರಳಿದರು. ಅದರಲ್ಲಿ ಕಳವಿರಲಿಲ್ಲ, ವಂಚನೆಯಿರಲಿಲ್ಲ. ಬಿದ್ದುದನ್ನೇ ತಂದಿದ್ದರು, ಜಂಗಮರಿಗಾಗಿಯೇ ತಂದಿದ್ದರು. ಬಡವನ ಮನೆಗೆ ಒಂದು ದಿನ ಎರಡು ಹಿಡಿ ಹೆಚ್ಚು ಅಕ್ಕಿ ಬಂದರೆ ಲೋಕದ ಯಾವ ಗೃಹಿಣಿಯಾದರೂ ಶಿವನ ಕೃಪೆಯೆಂದು ಸಂತೋಷಪಡುತ್ತಿದ್ದಳು.

ಲಕ್ಕಮ್ಮನವರು ಸಂತೋಷಪಡಲಿಲ್ಲ. ಅಕ್ಕಿಯನ್ನು ನೋಡಿದೊಡನೆಯೇ ಅವರಿಗೆ ಇದು ಎಂದಿನ ಅಕ್ಕಿಯಲ್ಲವೆಂಬುದು ತಿಳಿಯಿತು. ಈ ಹೆಚ್ಚಳ ಪತಿಯ ಮನಸ್ಸಿನಲ್ಲಿ ಮೂಡಿದ ಆಶೆಯ ಫಲವೋ, ಬಸವಣ್ಣನವರ ಚಿತ್ತದಲ್ಲಿ ತಮ್ಮ ವಿಷಯವಾಗಿ ಹುಟ್ಟಿದ ಶಂಕೆಯ ಫಲವೋ ಎಂದು ಅವರು ವಿಚಾರಿಸಿದರು. ಆಶೆಯೆಂಬುದು ಅರಸರಿಗೆ ಸಲ್ಲುವ ವಸ್ತುವೇ ಹೊರತು ಶಿವಭಕ್ತರಿಗೆ ಸಲ್ಲುವುದಲ್ಲವೆಂದು ತಿಳಿಹೇಳಿದರು. ಇಷ್ಟೊಂದು ಅಕ್ಕಿಯನ್ನು ಶಿವನು ಒಪ್ಪಲಾರನೆಂದೂ, ಅದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರಬೇಕೆಂದೂ ಪತಿಯಲ್ಲಿ ವಿನಂತಿಸಿದರು. ಹೆಚ್ಚಿನದನ್ನು ಬೇರೆ ತೆಗೆದಿರಿಸಿ ನಾಳೆಗೆ ಬಳಸಬಹುದೆಂಬ ಉಪಾಯ ಅವರಿಗೆ ತೋರಲಿಲ್ಲವೆಂದಲ್ಲ. ಆ ಉಪಾಯವೇ ಆಶೆಯ ಬೀಜವೆಂದು ಅವರು ಬಲ್ಲವರಾಗಿದ್ದರು.

ಈಗ ಮಾರಯ್ಯನವರ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಹೊತ್ತು ಮೀರಿದೆ, ಮನೆಯಲ್ಲಿ ಅಡಿಗೆಯಾಗಿಲ್ಲ. ಬೆನ್ನು ಬಗ್ಗಿಸಿ ಆಯ್ದ ಅಕ್ಕಿ ಮುಂದಿದೆ. ಅದನ್ನು ಮತ್ತೆ ಹೊತ್ತುಕೊಂಡು ಹೋಗಿ ಎಲ್ಲರ ಕಣ್ಣಮುಂದೆ ಅಂಗಳಕ್ಕೆ ಸುರಿಯಬೇಕೆಂದರೆ ಗಂಡಸಿನ ಅಭಿಮಾನ ಕೆರಳದೆ ಇದ್ದೀತೇ? ಆದರೆ ಮಾರಯ್ಯನವರು ಒಂದು ಮಾತನ್ನೂ ಎದುರಾಡಲಿಲ್ಲ. ತಮ್ಮ ಕೈ ತಪ್ಪಿದುದನ್ನು ಮನಗಂಡು ಹೆಚ್ಚಿನ ಅಕ್ಕಿಯನ್ನು ಹೊತ್ತೊಯ್ದು ಮಹಾಮನೆಯ ಅಂಗಳದಲ್ಲಿ ಚೆಲ್ಲಿ ಬಂದರು. ತಿದ್ದಿದ ಪತ್ನಿಯ ಧೈರ್ಯ ದೊಡ್ಡದೋ, ತಿದ್ದಿಕೊಂಡ ಪತಿಯ ವಿನಯ ದೊಡ್ಡದೋ ಹೇಳುವುದು ಕಷ್ಟ. ಮನೆಯಲ್ಲಿ ಒಬ್ಬರ ತಪ್ಪನ್ನು ಒಬ್ಬರು ಹೇಳುವುದೂ ಕೇಳುವುದೂ ನಿಂತುಹೋಗಿರುವ ಸಂಸಾರಗಳಿಗೆ ಇದೊಂದು ದಾರಿದೀಪ. ಈ ಸಂಗತಿಯನ್ನರಿತ ಬಸವಣ್ಣನವರು ಆ ಬಡ ದಂಪತಿಗಳ ಮುಂದೆ ತಮ್ಮ ಭಂಡಾರ ಬಡವಾಯಿತೆಂದು ಭಾವಿಸಿ ತಲೆಬಾಗಿದರೆಂದು ಪರಂಪರೆ ನೆನೆಯುತ್ತದೆ.

ಲಕ್ಕಮ್ಮನವರ ಚರಿತ್ರೆಯ ತಿರುಳೆಲ್ಲ ಈ ಒಂದು ಘಟನೆಯಲ್ಲಿದೆ. ಆ ಮಹಾತಾಯಿ ಅಂದು ಮಾಡಿದುದೇನು? ಊಟದ ಮುಂದಿನ ಪ್ರಾರ್ಥನೆಯನ್ನು ಎಲೆಯ ಮುಂದೆ ಮಾಡುವ ಬದಲು ಅಕ್ಕಿಯ ಮುಂದೆ ಮಾಡಿದರು. ಲಿಂಗಕ್ಕೆ ತೋರಿಸುವ ಅನ್ನ ಒಲೆಯನ್ನು ಏರುವ ಮೊದಲೇ, ಮೊರಕ್ಕೆ ಬೀಳುವ ಮೊದಲೇ ಅದು ಅರ್ಪಣಕ್ಕೆ ತಕ್ಕುದೇ ಅಲ್ಲವೇ ಎಂದು ಕೇಳಿಕೊಂಡರು. ತಕ್ಕುದಲ್ಲವೆಂದು ಕಂಡುದನ್ನು ಮಂತ್ರದಿಂದ ತಿದ್ದಲು ಹೋಗದೆ ಮನೆಯಿಂದಲೇ ಹೊರಗೆ ಕಳಿಸಿದರು. ಅರ್ಪಣವೆಂಬುದು ಉಣ್ಣುವ ಗಳಿಗೆಯ ಮಾತಲ್ಲ, ಗಳಿಸುವ ಗಳಿಗೆಯಿಂದಲೇ ತೊಡಗುವ ವ್ರತವೆಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಸಾಧ್ಯವೇ?

ಇನ್ನು ಆ ದಂಪತಿಗಳ ಮಹಾದಾಸೋಹದ ಕಥೆ. ಬಸವಣ್ಣನವರನ್ನೂ ಮಹಾಮನೆಯ ಸಮಸ್ತ ಜಂಗಮ ಸಮೂಹವನ್ನೂ ತಮ್ಮ ಗುಡಿಸಲಿಗೆ ಪ್ರಸಾದಕ್ಕೆ ಕರೆತರಬೇಕೆಂದು ಲಕ್ಕಮ್ಮನವರು ಪತಿಗೆ ತಿಳಿಸಿದರು. ಮಾರಯ್ಯನವರ ಎದೆ ಒಮ್ಮೆ ನಡುಗಿದ್ದರೆ ಆಶ್ಚರ್ಯವಿಲ್ಲ. ಇಬ್ಬರ ಹೊಟ್ಟೆಗೂ ಸಾಲದಷ್ಟು ಆಯ್ದಕ್ಕಿಯಿಂದ ಲಕ್ಷ ಜನಕ್ಕೆ ಉಣಬಡಿಸುವುದೆಂತು? ಲಕ್ಕಮ್ಮನವರ ಮನಸ್ಸಿನಲ್ಲಿ ಅಳುಕಿರಲಿಲ್ಲ. ಮನಸ್ಸು ಶುದ್ಧವಿಲ್ಲದವನಿಗೆ ಮಾತ್ರ ದ್ರವ್ಯದ ಬಡತನ; ಶುದ್ಧ ಚಿತ್ತದಿಂದ ಕಾಯಕ ಮಾಡುವ ಭಕ್ತನು ಎತ್ತ ನೋಡಿದರೂ ಅತ್ತ ಸಿರಿ ತಾನಾಗಿ ಇರುವುದೆಂಬುದು ಅವರ ದೃಢವಾದ ನಂಬಿಕೆ. ಅವರು ಎಂದಿನಂತೆಯೇ ಅಕ್ಕಿ ತೊಳೆದರು, ಎಂದಿನಂತೆಯೇ ಒಲೆ ಹೊತ್ತಿಸಿದರು. ಬಸವಣ್ಣನವರು ಸಮಸ್ತ ಗಣಂಗಳೊಡನೆ ಬಂದರು. ಶಿವಸ್ಮರಣೆಯೊಡನೆ ಬಡಿಸುವುದಕ್ಕೆ ತೊಡಗಿದಾಗ ಆ ಹಿಡಿ ಅಕ್ಕಿಯ ಅನ್ನ ತೀರದೆ ಎಲ್ಲರಿಗೂ ಸಾಕಾಗಿ ಉಳಿಯಿತೆಂದು ಪರಂಪರೆಯ ಕಥೆ ಹೇಳುತ್ತದೆ.

ಈ ಪವಾಡವನ್ನು ಭಕ್ತರು ಭಕ್ತಿಯಿಂದ ನಂಬುತ್ತಾರೆ. ವಿಚಾರದಿಂದ ನೋಡುವವರಿಗೂ ಅದರಲ್ಲಿ ತಿರುಳಿಲ್ಲದೆ ಇಲ್ಲ. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಕೈಯಿಂದಲೇ ಅನ್ನ ಅಕ್ಷಯವಾಯಿತೆಂಬುದು ಆ ಕಥೆಯ ಮರ್ಮ. ಅಂದು ಆಶೆಯಿಂದ ಕೂಡಿಸಿಟ್ಟಿದ್ದರೆ ಅದು ಎರಡು ದಿನಕ್ಕೆ ಮುಗಿಯುವ ಅಕ್ಕಿ. ಆಶೆಯನ್ನು ಅಳಿದು ಅರ್ಪಿಸಿದುದರಿಂದ ಎಂಟು ಶತಮಾನಗಳಿಗೂ ಮೀರಿ ನಮ್ಮನ್ನು ಉಣಿಸುತ್ತಿರುವ ಅಕ್ಕಿಯಾಯಿತು. ಇಂದಿಗೂ ನಾಡಿನ ಯಾವ ದಾಸೋಹದ ಮನೆಯಲ್ಲಿಯೂ ಆಯ್ದಕ್ಕಿಯ ದಂಪತಿಗಳನ್ನು ನೆನೆಯದಿರುವವರು ವಿರಳ.

ನಮ್ಮ ಧರ್ಮದ ಪರಿಭಾಷೆಯಲ್ಲಿ ಹೇಳುವುದಾದರೆ, ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು, ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಶುದ್ಧ, ಸಿದ್ಧ, ಪ್ರಸಿದ್ಧವೆಂದು ಪ್ರಸಾದವು ಮೂರು ತೆರ. ಸ್ಥೂಲತನುವಿನ ಇಷ್ಟಲಿಂಗಕ್ಕೆ ಅರ್ಪಿಸಿದುದು ಶುದ್ಧಪ್ರಸಾದ, ಸೂಕ್ಷ್ಮತನುವಿನ ಪ್ರಾಣಲಿಂಗಕ್ಕೆ ಅರ್ಪಿಸಿದುದು ಸಿದ್ಧಪ್ರಸಾದ, ಕಾರಣತನುವಿನ ಭಾವಲಿಂಗಕ್ಕೆ ಅರ್ಪಿಸಿದುದು ಪ್ರಸಿದ್ಧಪ್ರಸಾದ. ಅಂಗೈಯ ಲಿಂಗಕ್ಕೆ ಅನ್ನವನ್ನು ತೋರಿಸುವುದು ಮೊದಲ ಮೆಟ್ಟಿಲಷ್ಟೆ. ಅದರ ರುಚಿಯನ್ನು ಪ್ರಾಣದಲ್ಲಿ ಅರ್ಪಿಸುವುದು, ಅದರಿಂದಾಗುವ ತೃಪ್ತಿಯನ್ನು ಭಾವದಲ್ಲಿ ಅರ್ಪಿಸುವುದು ಮುಂದಿನ ಮೆಟ್ಟಿಲುಗಳು. ಕಣ್ಣಿಗೆ ಕಾಣುವ ಅನ್ನವನ್ನು ಕೊಟ್ಟು ಕಾಣದ ಆಶೆಯನ್ನು ತನ್ನಲ್ಲಿಯೇ ಉಳಿಸಿಕೊಂಡವನು ಮೊದಲ ಮೆಟ್ಟಿಲಿನಲ್ಲಿಯೇ ನಿಂತವನು. ಲಕ್ಕಮ್ಮನವರು ಅಂಗಳಕ್ಕೆ ಹಿಂದಿರುಗಿಸಿದುದು ಅಕ್ಕಿಯನ್ನಲ್ಲ, ಆ ಉಳಿದುಕೊಳ್ಳುವ ಆಶೆಯನ್ನು.

ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನವೆಂಬುದು ಶರಣರು ಹಾಕಿಕೊಟ್ಟ ಕಟ್ಟಳೆ. ಈ ಮೂರನ್ನೂ ಸವೆಸುವ ದಾಸೋಹ ಸಿರಿವಂತರಿಗೆ ಮಾತ್ರ ಸಾಧ್ಯವೆಂದು ತಿಳಿದವರು ಅನೇಕರು. ಬಸವಣ್ಣನವರಂಥ ಭಂಡಾರಿಗಳು ಮಾಡಿಯಾರು, ನಾವು ಮಾಡುವುದೇನೆಂದು ಕೈಕಟ್ಟಿ ಕುಳಿತವರಿಗೆ ಮಾರಯ್ಯ ಲಕ್ಕಮ್ಮನವರ ಬಾಳು ಉತ್ತರ ಹೇಳುತ್ತದೆ. ಏನೂ ಇಲ್ಲದವರೂ ದಾಸೋಹಿಗಳಾಗಬಹುದು. ಎಲ್ಲ ಇದ್ದವರೂ ದಾಸೋಹಿಗಳಾಗದೆ ಹೋಗಬಹುದು. ದಾಸೋಹವೆಂಬ ಮಾತಿನಲ್ಲಿಯೇ ದಾಸನಾಗುವ ಭಾವವಿದೆ. ಕೊಡುವಾಗ ತಾನು ಕೊಟ್ಟೆನೆಂಬ ಅಹಂಕಾರ ಉಳಿದರೆ ಅದು ದಾನವಾದೀತು, ದಾಸೋಹವಾಗಲಾರದು.

ಲಕ್ಕಮ್ಮನವರು ಅಡಿಗೆಯ ಮನೆಯಲ್ಲಿಯೇ ಉಳಿದ ಭಕ್ತೆಯಲ್ಲ, ಅನುಭಾವಿಯೂ ಹೌದು. ಸತಿಪತಿಗಳೆಂಬ ಹೆಸರು ಸಂಸಾರದ ಕೂಟಕ್ಕೆ ಸಲ್ಲುವುದೇ ಹೊರತು ಅರಿವಿಗೆ ಹೆಣ್ಣುಗಂಡೆಂಬ ಬೇರೆ ಬೇರೆ ಒಡಲಿಲ್ಲವೆಂದು ಅವರು ಕಂಡುಕೊಂಡಿದ್ದರು. ಆ ಅರಿವಿನ ಬಲದಿಂದಲೇ ಅವರು ಪತಿಗೆ ಸಹಧರ್ಮಿಣಿಯಾಗಿರುವುದರ ಜೊತೆಗೆ ಗುರುವೂ ಆದರು. ಮಾಡುವ ಭಕ್ತಿಗೆ ಮಾಡಿದೆನೆಂಬ ಬಿಂಕ ಬರಬಾರದೆಂದೂ, ಕೈಲಾಸದ ಆಶೆಯೂ ಆಶೆಯೇ ಆಗಿರುವುದರಿಂದ ಅದನ್ನೂ ಬಿಡಬೇಕೆಂದೂ ಅವರು ಬೋಧಿಸಿದ ರೀತಿ ಶೂನ್ಯಸಂಪಾದನೆಯಲ್ಲಿ ಹೃದಯಂಗಮವಾಗಿ ನಿರೂಪಿತವಾಗಿದೆ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಆ ಮಹಾಗ್ರಂಥದಲ್ಲಿ ಪ್ರಭುದೇವ, ಬಸವಣ್ಣ, ಅಕ್ಕಮಹಾದೇವಿಯರ ಸಾಲಿನಲ್ಲಿಯೇ ಈ ಬಡ ದಂಪತಿಗಳಿಗೂ ಸ್ಥಾನ ದೊರೆತಿರುವುದನ್ನು ನೋಡಿದರೆ ಶರಣರು ಯಾವುದನ್ನು ಸಿರಿತನವೆಂದು ಎಣಿಸಿದರೆಂಬುದು ಗೊತ್ತಾಗುತ್ತದೆ. ಲಕ್ಕಮ್ಮನವರ 25 ವಚನಗಳು ನಮಗೆ ದೊರೆತಿವೆ. ತಾಡವೋಲೆಗಳಲ್ಲಿ ಹುದುಗಿ ಮರೆಯಾಗುತ್ತಿದ್ದ ವಚನ ಭಂಡಾರವನ್ನು ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ (1880–1964) ಪರಿಶ್ರಮವನ್ನು ಇಲ್ಲಿ ನೆನೆಯುವುದು ಕರ್ತವ್ಯ. ಚೆಲ್ಲಿದ ಕಾಳುಗಳನ್ನು ಆಯ್ದು ಜನಕ್ಕೆ ಉಣಿಸಿದ ಅವರೂ ಒಂದು ಬಗೆಯಲ್ಲಿ ಆಯ್ದಕ್ಕಿಯ ಕಾಯಕವನ್ನೇ ಮಾಡಿದರು.

ಕಲ್ಯಾಣದಲ್ಲಿ ಹೊತ್ತಿದ ದಾಸೋಹದ ಒಲೆ ಆರಲಿಲ್ಲ. ಕಲಬುರ್ಗಿಯ ಶರಣಬಸವೇಶ್ವರರು (1746–1822) ಮಹಾದಾಸೋಹಿಗಳೆಂದೇ ಪ್ರಖ್ಯಾತರಾದರು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಶಿವಕುಮಾರ ಮಹಾಸ್ವಾಮಿಗಳವರು (1907–2019) ಜಾತಿಮತಗಳ ಭೇದವೆಣಿಸದೆ ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ರೈತರು ತಂದೊಪ್ಪಿಸಿದ ರಾಗಿ, ಅಕ್ಕಿ, ಬೇಳೆಗಳೇ ಅಂಥ ಮಠಗಳ ಉಗ್ರಾಣವನ್ನು ತುಂಬುತ್ತ ಬಂದಿವೆ. ಸಂಜೆಯ ಸಾಮೂಹಿಕ ಪ್ರಾರ್ಥನೆಯ ಬಳಿಕ ಸಾಲಾಗಿ ಕುಳಿತ ಮಕ್ಕಳು ಒಂದೇ ಧ್ವನಿಯಲ್ಲಿ ಶಿವನನ್ನು ನೆನೆದು ತುತ್ತೆತ್ತುವ ದೃಶ್ಯವನ್ನು ಕಂಡವರಿಗೆ ಮಹಾಮನೆಯ ಪಂಕ್ತಿ ಹೇಗಿದ್ದೀತೆಂಬುದು ಮನಸ್ಸಿಗೆ ಬಾರದೆ ಇರದು. ಆ ಮಕ್ಕಳ ಎಲೆಯ ಮೇಲಿನ ಅನ್ನ ಎಷ್ಟೋ ಹೊಲಗಳಿಂದ, ಎಷ್ಟೋ ಬೆವರಿನಿಂದ ಆಯ್ದು ಬಂದ ಅಕ್ಕಿಯೇ ಅಲ್ಲವೇ?

ಕೊನೆಯಲ್ಲಿ ನಮ್ಮ ಕಡೆಗೆ ನಾವು ನೋಡಿಕೊಳ್ಳೋಣ. ಜಾತ್ರೆಯಲ್ಲಿ, ಲಗ್ನದಲ್ಲಿ, ಹಿರಿಯರ ಪುಣ್ಯಸ್ಮರಣೆಯಲ್ಲಿ ನಾವು ದಾಸೋಹ ನಡೆಸುತ್ತೇವೆ. ಪ್ರಾರ್ಥನೆಗೆ ಮೊದಲು ಧ್ವನಿವರ್ಧಕದಲ್ಲಿ ದಾನಿಗಳ ಹೆಸರು ಮೊಳಗುತ್ತದೆ. ಶಿವನ ಹೆಸರಿಗೆ ಬಂದಾಗ ಧ್ವನಿ ತಗ್ಗುತ್ತದೆ. ವಚನ ಮುಗಿಯುವ ಮೊದಲೇ ಕೆಲವರ ಎಲೆ ಅರ್ಧ ಬರಿದಾಗಿರುತ್ತದೆ. ಮುಗಿದ ಮೇಲೆ ನೋಡಿದರೆ ಎಷ್ಟೋ ಎಲೆಗಳಲ್ಲಿ ಉಂಡುದಕ್ಕಿಂತ ಬಿಟ್ಟುದೇ ಹೆಚ್ಚು. ಪ್ರಸಾದವೆಂದು ಕೈಮುಗಿದು ತೆಗೆದುಕೊಂಡುದನ್ನೇ ಗಳಿಗೆಯ ಬಳಿಕ ಎಂಜಲೆಂದು ಹೊರಗೆ ಎಸೆಯುವುದಾದರೆ ನಾವು ಹೇಳಿದ ಪ್ರಾರ್ಥನೆಗೆ ಅರ್ಥವೇನುಳಿಯಿತು? ಮಾರಯ್ಯನವರು ಮಣ್ಣಿನಿಂದ ಎತ್ತಿದ ಕಾಳುಗಳನ್ನು ನಾವು ಎಲೆಯಿಂದ ಮಣ್ಣಿಗೆ ಚೆಲ್ಲುತ್ತಿದ್ದೇವೆ.

ಆದುದರಿಂದ ಭಕ್ತಬಾಂಧವರು ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ವಚನವನ್ನು ಹೇಳುವ ಆ ಒಂದು ಗಳಿಗೆಯಲ್ಲಿ ಲಕ್ಕಮ್ಮನವರನ್ನು ನೆನೆಯಬೇಕು. ಉಣಿಸುವವರು ಈ ಧಾನ್ಯ ಕಾಯಕದಿಂದ ಬಂದುದೇ ಎಂದು ತಮ್ಮನ್ನು ತಾವು ಕೇಳಿಕೊಳ್ಳಬೇಕು. ಉಣ್ಣುವವರು ತಮ್ಮ ಹಸಿವಿಗೆ ಬೇಕಾದಷ್ಟೇ ತಮ್ಮ ಎಲೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಹೆಚ್ಚೆಂದು ಕಂಡರೆ ಕೈ ಅಡ್ಡಮಾಡಿ ಬಡಿಸುವವರನ್ನು ಮುಂದಕ್ಕೆ ಕಳಿಸಬೇಕು. ಆ ಅನ್ನ ಪಕ್ಕದವನ ಹಸಿವಿಗೆ ಸಲ್ಲುತ್ತದೆ. ಹೀಗೆ ಬೇಡವೆಂದು ಅಡ್ಡಮಾಡಿದ ಕೈಯೂ ಶಿವನಿಗೆ ಮುಗಿದ ಕೈಯೇ. ಮನೆಯ ತಾಯಂದಿರು ಅಕ್ಕಿಯನ್ನು ಮೊರಕ್ಕೆ ಸುರಿಯುವಾಗ ಒಮ್ಮೆ ಶಿವನನ್ನು ನೆನೆದರೆ ಎಲೆಯ ಮುಂದಿನ ಪ್ರಾರ್ಥನೆ ತಾನಾಗಿ ಸತ್ಯವಾಗುತ್ತದೆ. ಅಂಥ ಮನೆಯ ಅಂಬಲಿಯೂ ಮಹಾಪ್ರಸಾದ. ಆ ಅರಿವು ನಮ್ಮೆಲ್ಲರ ಒಲೆಗಳ ಮುಂದೆ ಬೆಳಗಲೆಂದು ಮಹಾಶರಣೆ ಲಕ್ಕಮ್ಮನವರ ಪಾದಗಳಿಗೆ ಶರಣು ಶರಣಾರ್ಥಿ.